ಕಂಪನಿಯ ಲೆಕ್ಕವನ್ನು ಎಲ್ಲಿಂದ ಓದಲು ಶುರು ಮಾಡಬೇಕು

ಚಾಲಿ (ಒಣಗಿಸಿದ ಅಡಿಕೆ) ಮಾರಿದ ದುಡ್ಡು ಖಾತೆಗೆ ಬಿದ್ದ ಮೇಲೆ ಅದರಲ್ಲೊಂದು ಪಾಲನ್ನು ಷೇರಿಗೋ ಕಂಪನಿ ಡಿಪಾಸಿಟ್ಟಿಗೋ ಹಾಕುವವರು ಶಿರಸಿ ಸೀಮೆಯಲ್ಲಿ ಈಗ ಬಹಳ ಜನ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಲೆಕ್ಕ ಬರೆದು ನಿವೃತ್ತಳಾದವಳು. ಸಿಎ ಓದಿದವಳಲ್ಲ. ಆದರೆ ಕಂಪನಿಯ ವಾರ್ಷಿಕ ವರದಿಯನ್ನು ನಮ್ಮಂಥವರೂ ಓದಬಹುದು, ದುಡ್ಡು ಹಾಕುವ ಮೊದಲು ಓದಲೇಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅಣ್ಣನ ಮಗ “ದೊಡ್ಡ ಕಂಪನಿ ಅತ್ತೆ, ಎಂತೂ ಆಗ್ತಿಲ್ಲೆ” ಎಂದಾಗಲೆಲ್ಲ ಅವನ ಮುಂದೆ ಹೈದರಾಬಾದಿನ ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ಅಂಕಿಗಳನ್ನು ಇಡುತ್ತೇನೆ.

2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು ಒಪ್ಪಿಕೊಂಡರು. ನಗದು ಮತ್ತು ಬ್ಯಾಂಕ್ ಬಾಕಿ ಎಂದು ತೋರಿಸಿದ್ದ 5,361 ಕೋಟಿ ರೂಪಾಯಿಯಲ್ಲಿ 5,040 ಕೋಟಿ ಇರಲೇ ಇಲ್ಲ. ಇಲ್ಲದ ಹಣದ ಮೇಲೆ ಬರಬೇಕಾದ ಬಡ್ಡಿ ಎಂದು 376 ಕೋಟಿ, ಲೆಕ್ಕಕ್ಕೆ ತಾರದ ಸಾಲ 1,230 ಕೋಟಿ, ಗಿರಾಕಿಗಳಿಂದ ಬರಬೇಕಾದ ಬಾಕಿಯಲ್ಲಿ ಉಬ್ಬಿಸಿದ್ದು 490 ಕೋಟಿ. ಎಲ್ಲ ಕೂಡಿಸಿದರೆ 7,136 ಕೋಟಿ. ಹಿಂದಿನ ದಿನ 179 ರೂಪಾಯಿಯ ಆಸುಪಾಸಿನಲ್ಲಿದ್ದ ಷೇರು ಅಂದು ಸಂಜೆಗೆ 40ರ ಹತ್ತಿರ ಬಂತು. ಕೆಲವೇ ತಿಂಗಳ ಹಿಂದೆ ಒಳ್ಳೆಯ ಆಡಳಿತಕ್ಕೆಂದು ಗೋಲ್ಡನ್ ಪೀಕಾಕ್ ಪ್ರಶಸ್ತಿ ಪಡೆದಿದ್ದ ಕಂಪನಿ ಅದು.

ಬ್ಯಾಂಕಿನಲ್ಲಿರುವ ಹಣವನ್ನೇ ಸುಳ್ಳು ಹೇಳಲು ಹೇಗೆ ಸಾಧ್ಯವಾಯಿತು? ಆಡಿಟರುಗಳು ಬ್ಯಾಂಕಿನಿಂದ ನೇರವಾಗಿ ತರಿಸಿಕೊಳ್ಳಬೇಕಾದ ಖಾತ್ರಿಪತ್ರಗಳನ್ನು ಕಳಿಸುವ, ಪಡೆಯುವ ಕೆಲಸವನ್ನು ಕಂಪನಿಯವರಿಗೇ ಬಿಟ್ಟಿದ್ದರು. 2003ರಲ್ಲಿ ಇಟಲಿಯ ಹಾಲಿನ ಕಂಪನಿ ಪಾರ್ಮಲಾಟ್ ಕುಸಿದಾಗಲೂ ಹೀಗೆಯೇ: 395 ಕೋಟಿ ಯೂರೋ ಇದೆ ಎಂದಿದ್ದ ಬ್ಯಾಂಕ್ ಪತ್ರ ನಕಲಿ ಎಂದು ಬ್ಯಾಂಕ್ ಆಫ್ ಅಮೆರಿಕವೇ ಹೇಳಿತು. 2020ರ ಜೂನ್‌ನಲ್ಲಿ ಜರ್ಮನಿಯ ವೈರ್‌ಕಾರ್ಡ್ ಫಿಲಿಪ್ಪೀನ್ಸ್‌ನ ಎರಡು ಬ್ಯಾಂಕುಗಳಲ್ಲಿ ಇಟ್ಟಿದ್ದೇನೆ ಎಂದಿದ್ದ 190 ಕೋಟಿ ಯೂರೋ ಕೂಡ ಕಾಗದದ ಮೇಲಷ್ಟೇ ಇತ್ತು. ಹಾಗಾಗಿ ವರದಿಯ ಪ್ರತಿ ಅಂಕಿಯ ಎದುರೂ ನೀವು ಕೇಳಬೇಕಾದ ಪ್ರಶ್ನೆ ಒಂದೇ. ಇದನ್ನು ಕಂಪನಿಯ ಹೊರಗಿನವರು ಯಾರಾದರೂ ಕಣ್ಣಾರೆ ನೋಡಿದ್ದಾರೆಯೇ?

ವಖಾರಿಯಲ್ಲಿ ಮಾರ್ಚ್ ಕೊನೆಗೆ ಸ್ಟಾಕ್ ತಾಳೆ ನೋಡುವಾಗ ಗೋದಾಮಿನ ಉಸ್ತುವಾರಿ ಇದ್ದವರಿಂದ ತೂಕ ಹಾಕಿಸುತ್ತಿರಲಿಲ್ಲ, ಬೇರೆಯವರು ಹೋಗಿ ಹಾಕುತ್ತಿದ್ದರು. ಇನ್ನೂ ಒಂದು ಮಾತು. ಚಾಲಿಯಾಗಲಿ ರಾಶಿ ಅಡಿಕೆಯಾಗಲಿ ಚೀಲದಲ್ಲಿ ಕೂತಷ್ಟೂ ಒಣಗಿ ತೂಕ ಇಳಿಯುತ್ತದೆ. ತಿಂಗಳುಗಟ್ಟಲೆ ಇಟ್ಟ ಅಡಿಕೆ ಪುಸ್ತಕದ ಅಂಕಿಗೆ ಕಿಲೋ ಸಹ ವ್ಯತ್ಯಾಸವಿಲ್ಲದೆ ಸರಿಹೊಂದಿದರೆ ನಾವು ಮತ್ತೊಮ್ಮೆ ತೂಗಿಸುತ್ತಿದ್ದೆವು. ಕಂಪನಿಯ ಲಾಭವೂ ಅಷ್ಟೆ. ಮಾರುಕಟ್ಟೆ ಏರಲಿ ಇಳಿಯಲಿ, ಮೂರು ತಿಂಗಳಿಗೊಮ್ಮೆ ಹೇಳಿದಷ್ಟೇ ಲಾಭ ಬರುತ್ತಿದ್ದರೆ ಅಲ್ಲಿ ನಿಂತು ನೋಡಿ.

ಈಗ ಓದುವ ಕ್ರಮ. ಷೇರು ಪೇಟೆಯಲ್ಲಿರುವ ಕಂಪನಿಯ ವಾರ್ಷಿಕ ವರದಿ ಮುಂಬೈ ಷೇರು ಪೇಟೆಯ (ಬಿಎಸ್‌ಇ) ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಒಂದು ವರ್ಷದ್ದು ಸಾಲದು, ಐದು ವರ್ಷದ್ದು ಇಳಿಸಿಕೊಳ್ಳಿ. ಅಧ್ಯಕ್ಷರ ಪತ್ರ, ಬಣ್ಣದ ಚಿತ್ರಗಳನ್ನು ದಾಟಿ ನೇರವಾಗಿ ಆಡಿಟರ್ ವರದಿಗೆ ಹೋಗಿ. ಅಲ್ಲಿ ‘ಕ್ವಾಲಿಫೈಡ್ ಒಪಿನಿಯನ್’ ಎಂಬ ತಲೆಬರಹ ಕಂಡರೆ ಆಡಿಟರಿಗೆ ಯಾವುದೋ ಅಂಕಿ ಒಪ್ಪಿಗೆಯಾಗಿಲ್ಲ, ಇಲ್ಲವೇ ಅದಕ್ಕೆ ಸಾಕಷ್ಟು ಪುರಾವೆ ಸಿಕ್ಕಿಲ್ಲ ಎಂದರ್ಥ. ಯಾವುದು, ಲೆಕ್ಕಕ್ಕೆ ಸಿಗುವಂತಿದ್ದರೆ ಎಷ್ಟು ಕೋಟಿಯದು ಎಂದು ಕೆಳಗೇ ಬರೆದಿರುತ್ತಾರೆ.

ಆಡಿಟರ್ ವರದಿಯ ಹಿಂದೆ ಒಂದು ಅನುಬಂಧ ಇರುತ್ತದೆ, ಕ್ಯಾರೋ ಎನ್ನುತ್ತಾರೆ. ಬಹಳ ಜನ ಇದನ್ನು ತಿರುವಿ ಹಾಕಿಬಿಡುತ್ತಾರೆ. ನನಗೆ ಇಡೀ ವರದಿಯಲ್ಲಿ ಅತಿ ಮುಖ್ಯ ಅನಿಸುವುದು ಇದೇ ಪುಟಗಳು. ಆಡಿಟರ್ ವರದಿಯಲ್ಲಿ ಏನೇನು ಹೇಳಬೇಕೆಂದು ಸರ್ಕಾರ ಹೊರಡಿಸಿದ 2020ರ ಕ್ಯಾರೋ ಆದೇಶದ ಪ್ರಕಾರ, ಕಂಪನಿಗೆ ದಾಸ್ತಾನು, ಬಾಕಿಗಳಂಥ ಚಾಲ್ತಿ ಆಸ್ತಿಯ ಭದ್ರತೆಯ ಮೇಲೆ 5 ಕೋಟಿಗಿಂತ ಹೆಚ್ಚಿನ ದುಡಿಯುವ ಬಂಡವಾಳದ ಸಾಲ ಮಂಜೂರಾಗಿದ್ದರೆ, ಅದು ಬ್ಯಾಂಕಿಗೆ ಮೂರು ತಿಂಗಳಿಗೊಮ್ಮೆ ಕೊಟ್ಟ ಪಟ್ಟಿ ತನ್ನ ಪುಸ್ತಕದ ಜೊತೆ ತಾಳೆಯಾಗುತ್ತದೆಯೇ ಎಂದು ಆಡಿಟರ್ ಹೇಳಬೇಕು. ಬ್ಯಾಂಕಿಗೆ ಒಂದು ಅಂಕಿ, ಪುಸ್ತಕದಲ್ಲಿ ಇನ್ನೊಂದು ಅಂಕಿ ಇದ್ದರೆ ಎರಡರಲ್ಲೊಂದು ಸುಳ್ಳು, ಇಲ್ಲವೇ ಲೆಕ್ಕ ಇಡುವ ಪದ್ಧತಿಯೇ ಸರಿಯಿಲ್ಲ. ಸಾಲದ ಕಂತು ತಪ್ಪಿದೆಯೇ, ಪಿಎಫ್, ಜಿಎಸ್‌ಟಿ ಕಟ್ಟದೆ ಉಳಿದಿದೆಯೇ, ಅವಧಿ ಮುಗಿಯುವ ಮೊದಲೇ ಆಡಿಟರ್ ರಾಜೀನಾಮೆ ಕೊಟ್ಟಿದ್ದಾರೆಯೇ, ಇವೂ ಅಲ್ಲೇ ಇರುತ್ತವೆ. ಕೂಲಿಯವರ ಪಿಎಫ್ ಕಟ್ಟಲು ತಡವರಿಸುವ ಕಂಪನಿ ನೂರಾರು ಕೋಟಿ ಲಾಭ ತೋರಿಸುತ್ತಿದ್ದರೆ ನಾನು ಮುಂದೆ ಓದುವುದೇ ಇಲ್ಲ.

ಅದಾದ ಮೇಲೆ ನಗದು ಹರಿವಿನ ಪಟ್ಟಿ. ಐದೂ ವರ್ಷದ ನಿವ್ವಳ ಲಾಭ ಒಂದು ಕಡೆ ಕೂಡಿಸಿ, ಕಾರ್ಯಾಚರಣೆಯಿಂದ ಬಂದ ನಗದನ್ನು ಇನ್ನೊಂದು ಕಡೆ ಕೂಡಿಸಿ. ಮಾಲು ಮಾಡಿ ಮಾರುವ ಕಂಪನಿಯಲ್ಲಿ ಲಾಭ 500 ಕೋಟಿ, ಕೈಗೆ ಬಂದ ನಗದು 120 ಕೋಟಿ ಎಂದಾದರೆ ಉಳಿದದ್ದು ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಬೇಕು. ಸಾಮಾನ್ಯವಾಗಿ ಗಿರಾಕಿಗಳ ಬಾಕಿಯಲ್ಲಿ ಅಥವಾ ದಾಸ್ತಾನಿನಲ್ಲಿ ಇರುತ್ತದೆ. ವ್ಯಾಪಾರ ಬೆಳೆದದ್ದಕ್ಕಿಂತ ಬಾಕಿ ಬೇಗ ಬೆಳೆಯುತ್ತಿದ್ದರೆ ಮಾರಾಟವೇ ನಿಜವೋ ಅಲ್ಲವೋ ಎಂದು ಕೇಳಿಕೊಳ್ಳಿ. ಸತ್ಯಂನಲ್ಲಿ ಏಳು ಸಾವಿರಕ್ಕೂ ಹೆಚ್ಚು ನಕಲಿ ಇನ್‌ವಾಯ್ಸ್‌ಗಳು ಸಿಕ್ಕಿದ್ದವು. ಅಮೆರಿಕದ ವರ್ಲ್ಡ್‌ಕಾಮ್ ಇನ್ನೊಂದು ದಾರಿ ಹಿಡಿದಿತ್ತು. ಬೇರೆ ಕಂಪನಿಗಳ ಟೆಲಿಫೋನ್ ಜಾಲ ಬಳಸಿದ್ದಕ್ಕೆ ಕೊಟ್ಟ ಹಣವನ್ನು, ಅಂದರೆ ದಿನನಿತ್ಯದ ಖರ್ಚನ್ನು, ಆಸ್ತಿ ಎಂದು ಬರೆದು ಲಾಭ ಹೆಚ್ಚಿಸಿ ತೋರಿಸಿತು. ಅದನ್ನು ಬಯಲಿಗೆ ತಂದವರು ಸಿಂಥಿಯಾ ಕೂಪರ್ ಮತ್ತು ಅವರ ಒಳ ಆಡಿಟ್ ತಂಡ. 2002ರ ಜುಲೈನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಆಸ್ತಿ ಏರುತ್ತಾ ಹೋಗಿ ಮಾರಾಟ ನಿಂತಲ್ಲೇ ನಿಂತಿದ್ದರೆ ಈ ಸಂಗತಿ ನೆನಪಿರಲಿ.

ಬ್ಯಾಂಕಿನಲ್ಲಿ ದೊಡ್ಡ ಮೊತ್ತ ತೋರಿಸುವ ಕಂಪನಿಗೆ ಇನ್ನೊಂದು ಲೆಕ್ಕ ಮಾಡಿ. ವರ್ಷದ ಬಡ್ಡಿ ಆದಾಯವನ್ನು ನಗದು ಮತ್ತು ಎಫ್‌ಡಿಯ ಸರಾಸರಿ ಮೊತ್ತದಿಂದ ಭಾಗಿಸಿ. ಪೇಟೆಯಲ್ಲಿ ಎಫ್‌ಡಿಗೆ ಶೇ. 7 ಸಿಗುವಾಗ ಇಲ್ಲಿ ಶೇ. 2 ಬಂದರೆ ಆ ಹಣ ವರ್ಷವಿಡೀ ಅಲ್ಲಿರಲಿಲ್ಲ ಎನ್ನುವ ಅನುಮಾನಕ್ಕೆ ಜಾಗವಿದೆ. ಬಡ್ಡಿ ಸರಿಯಾಗಿಯೇ ಕಂಡರೂ ಅದು ಕೈಗೆ ಬಂದಿದೆಯೋ, ‘ಬರಬೇಕಾದದ್ದು’ ಎಂದು ಉಳಿದಿದೆಯೋ ನೋಡಿ. ಸತ್ಯಂನ 376 ಕೋಟಿ ಕೂತಿದ್ದು ಅಲ್ಲೇ.

ಇಷ್ಟೆಲ್ಲ ಮಾಡಿದರೂ ನಕಲಿ ಬ್ಯಾಂಕ್ ಕಾಗದ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಮೋಸ ಒಡೆಯುವ ಮೊದಲು ಬಹಿರಂಗವಾಗಿಯೇ ಕೆಲವು ಸಂಗತಿ ನಡೆಯುತ್ತವೆ. 2008ರ ಡಿಸೆಂಬರ್ 16ರಂದು ಸತ್ಯಂ ಆಡಳಿತ ಮಂಡಳಿ ರಾಜು ಕುಟುಂಬದ್ದೇ ಆದ ಎರಡು ಮೇತಾಸ್ ಕಂಪನಿಗಳನ್ನು 160 ಕೋಟಿ ಡಾಲರ್ ಕೊಟ್ಟು ಕೊಳ್ಳಲು ಒಪ್ಪಿತು. ಷೇರುದಾರರು ಸಿಟ್ಟಿಗೆದ್ದ ಮೇಲೆ ಹಿಂದೆ ಸರಿಯಿತು. ತಿಂಗಳ ಕೊನೆಯೊಳಗೆ ಕಂಪನಿಯ ನೌಕರರಲ್ಲದ ನಾಲ್ವರು ನಿರ್ದೇಶಕರು ಹೊರಗೆ ಹೋದರು. ಆಗ ಮಾರಿದವರು ಉಳಿದುಕೊಂಡರು. ಆದ್ದರಿಂದ ‘ರಿಲೇಟೆಡ್ ಪಾರ್ಟಿ’ ಟಿಪ್ಪಣಿಯನ್ನು ಸಾಲು ಸಾಲಾಗಿ ಓದಿ: ಮಾಲೀಕರ ಮನೆಯವರ ಕಂಪನಿಗೆ ಸಾಲ, ಮುಂಗಡ, ಬಾಡಿಗೆ ಎಷ್ಟು ಹೋಗುತ್ತಿದೆ? ಪ್ರೊಮೋಟರ್‌ಗಳು, ಅಂದರೆ ಕಂಪನಿಯ ಹಿಡಿತ ಇರುವ ಮಾಲೀಕರು, ತಮ್ಮ ಷೇರು ಅಡವಿಟ್ಟಿದ್ದಾರೆಯೇ ಎಂಬುದು ಮೂರು ತಿಂಗಳಿಗೊಮ್ಮೆ ಬಿಎಸ್‌ಇಯಲ್ಲೇ ಕಾಣುತ್ತದೆ.

ಡಿಪಾಸಿಟ್ ಇಡುವವರಿಗೆ ಪ್ರತ್ಯೇಕವಾಗಿ ಹೇಳಬೇಕು. ರೇಟಿಂಗ್ ಒಂದನ್ನೇ ನಂಬಬೇಡಿ. ಸುಮಾರು 91,000 ಕೋಟಿ ಸಾಲದ ಹಣಕಾಸು ಸಂಸ್ಥೆ ಐಎಲ್ ಆ್ಯಂಡ್ ಎಫ್‌ಎಸ್ 2018ರಲ್ಲಿ ಕಂತು ತಪ್ಪಿಸುವ ಕೆಲವೇ ವಾರ ಮೊದಲವರೆಗೂ ಎಲ್ಲಕ್ಕಿಂತ ಮೇಲಿನ ಎಎಎ ದರ್ಜೆಯಲ್ಲಿತ್ತು. ಗೃಹಸಾಲದ ಕಂಪನಿ ಡಿಎಚ್‌ಎಫ್‌ಎಲ್‌ನಲ್ಲಿ ಎಫ್‌ಡಿ ಇಟ್ಟ ಅನೇಕ ಹಿರಿಯರು ದುಡ್ಡಿನ ದೊಡ್ಡ ಭಾಗ ಕಳೆದುಕೊಂಡರು. ಬ್ಯಾಂಕ್ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಕಂಪನಿ ಠೇವಣಿಗೆ ಆ ವಿಮೆ ಇಲ್ಲ, ನಮ್ಮೂರ ಪತ್ತಿನ ಸಹಕಾರಿ ಸಂಘಗಳ ಠೇವಣಿಗೂ ಇಲ್ಲ.

ಓದುವಾಗ ತಿಳಿಯದ ಅಂಕಿ ಸಿಕ್ಕರೆ ಕೇಳಲು ನಾಚಿಕೆ ಬೇಡ. ಒಂದು ಷೇರು ಇದ್ದರೂ ನೀವು ಷೇರುದಾರರೇ. ಕಂಪನಿ ಸೆಕ್ರೆಟರಿಯ ಇಮೇಲ್ ವರದಿಯಲ್ಲೇ ಇರುತ್ತದೆ. ಪುಟದ ಸಂಖ್ಯೆ, ಟಿಪ್ಪಣಿಯ ಸಂಖ್ಯೆ ಹಾಕಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಿರಿ. ಉತ್ತರ ಬಾರದೆ ಹೋದರೆ ಷೇರು ಪೇಟೆಯ ಮೇಲೆ ನಿಗಾ ಇಡುವ ಸೆಬಿಯ ಸ್ಕೋರ್ಸ್ ತಾಣದಲ್ಲಿ ದೂರು ಕೊಡಬಹುದು. ಬಂದ ಉತ್ತರವನ್ನು ಆ ವರ್ಷದ ವರದಿಯ ಜೊತೆಗೇ ಇಟ್ಟುಕೊಂಡು ಮುಂದಿನ ವರ್ಷ ಅದೇ ಟಿಪ್ಪಣಿ ತೆಗೆದು ಹೋಲಿಸಿ ನೋಡಿ.