ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ: ಡಾಕ್ಟರ ಹತ್ತಿರ ಹೋಗಲು ನೆರವಾಗುವ ಚಾರಿಟಿಗಳು

ನಮ್ಮ ಕನ್ನಡ ಬಳಗಕ್ಕೆ ಬರುವ ಫೋನುಗಳಲ್ಲಿ ಬಾಡಿಗೆ ಮನೆ, ಮಕ್ಕಳ ಶಾಲೆ, ರಾಗಿ ಹಿಟ್ಟು ಎಲ್ಲಿ ಸಿಗುತ್ತದೆ ಎನ್ನುವಂಥವೇ ಜಾಸ್ತಿ. ಆರೋಗ್ಯದ ವಿಷಯಕ್ಕೆ ಫೋನ್ ಬರುವುದು ಕಾಯಿಲೆ ಏರಿದ ಮೇಲೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಹಾಗಾಗಿ ಇದನ್ನು ಮನೆಯವರೆಲ್ಲ ಚೆನ್ನಾಗಿರುವಾಗಲೇ ಓದಿಬಿಡಿ.

1948ರಿಂದ ಇಲ್ಲಿ ಎನ್‌ಎಚ್‌ಎಸ್ ಎನ್ನುವ ಸರ್ಕಾರಿ ಆರೋಗ್ಯ ಸೇವೆ ಇದೆ. ಡಾಕ್ಟರನ್ನು ನೋಡಲು ದುಡ್ಡು ಕೊಡಬೇಕಿಲ್ಲ. ಮತ್ತೆ ಚಾರಿಟಿ ಯಾಕೆ ಅಂತೀರಾ? ಚಿಕಿತ್ಸೆ ಪುಕ್ಕಟೆ ಸಿಗುತ್ತದೆ ನಿಜ, ಆದರೆ ಅಲ್ಲಿಗೆ ತಲುಪುವುದು ಎಲ್ಲರಿಗೂ ಸಲೀಸಲ್ಲ. ಇಂಗ್ಲಿಷ್ ಬಾರದ ಅತ್ತೆ ಮಾವ, ಗಂಡನ ವೀಸಾದ ಮೇಲೆ ಬಂದು ನಾಲ್ಕು ಗೋಡೆಯೊಳಗೇ ಉಳಿದ ಹೆಣ್ಣುಮಗಳು, ವೀಸಾ ಮುಗಿದು ಹೆದರಿ ಕೂತ ವಿದ್ಯಾರ್ಥಿ, ಬಸ್ ಹತ್ತಲಾಗದ ಹಿರಿಯರು, ಇವರಿಗೆಲ್ಲ ಬೇಕಿರುವುದು ಫಾರಂ ತುಂಬಿಕೊಡುವವರು, ಸರ್ಜರಿಗೆ (ಇಲ್ಲಿ ಡಾಕ್ಟರ ಕ್ಲಿನಿಕ್ಕಿಗೆ ಹಾಗೆನ್ನುತ್ತಾರೆ) ಒಂದು ಫೋನ್ ಮಾಡುವವರು, ಕಾರಿನಲ್ಲಿ ಕರೆದುಕೊಂಡು ಹೋಗುವವರು. ಇಲ್ಲಿನ ಚಾರಿಟಿಗಳು ಹೆಚ್ಚಾಗಿ ಮಾಡುವುದು ಇದೇ ಕೆಲಸ. "ಅದೆಲ್ಲ ಬಡವರಿಗೆ, ನಮಗ್ಯಾಕೆ" ಎನ್ನುವ ಸಂಕೋಚ ನಮ್ಮವರಲ್ಲಿ ಬಹಳ. ಅದನ್ನು ಬಿಡಿ.

ಮೊದಲು ಜಿಪಿ

ಜಿಪಿ ಎಂದರೆ ಯಾವ ಕಾಯಿಲೆಗೂ ಮೊದಲು ನೋಡುವ ಊರಿನ ಸಾಮಾನ್ಯ ಡಾಕ್ಟರು. ಮನೆ ಸಿಕ್ಕ ವಾರದಲ್ಲೇ ಹತ್ತಿರದ ಜಿಪಿ ಸರ್ಜರಿಯಲ್ಲಿ ಮನೆಯ ಎಲ್ಲರ ಹೆಸರೂ ಬರೆಸಿ. ಪಾಸ್‌ಪೋರ್ಟ್, ವಿಳಾಸದ ಪುರಾವೆ, ವೀಸಾ ಪತ್ರ, ಎನ್‌ಎಚ್‌ಎಸ್ ನಂಬರ್ ಯಾವುದೂ ಕಡ್ಡಾಯವಲ್ಲ. ಕೇಳಬಹುದು, ಇದ್ದರೆ ತೋರಿಸಿ. ಇಲ್ಲವೆಂಬ ಒಂದೇ ಕಾರಣಕ್ಕೆ ವಾಪಸ್ ಕಳಿಸುವಂತಿಲ್ಲ. ಆದರೂ ಕೆಲವು ಕೌಂಟರುಗಳಲ್ಲಿ ಕರೆಂಟ್ ಬಿಲ್ ತನ್ನಿ ಎನ್ನುವ ಮಾತು ಇನ್ನೂ ನಿಂತಿಲ್ಲ. ಹಾಗಾದಾಗ ಜಗಳ ಬೇಡ. "ಕಾರಣವನ್ನು ಬರೆದು ಕೊಡಿ" ಎಂದು ಮೆತ್ತಗೆ ಕೇಳಿ. ಸೇರಿಸಿಕೊಳ್ಳದಿದ್ದರೆ 14 ದಿನದೊಳಗೆ ಲಿಖಿತ ಕಾರಣ ಕೊಡುವುದು ಸರ್ಜರಿಯ ಹೊಣೆ. ಎಷ್ಟೋ ಸಲ ಈ ಒಂದು ಮಾತಿಗೇ ಫಾರಂ ಹೊರಗೆ ಬರುತ್ತದೆ.

ಅಷ್ಟಕ್ಕೂ ಆಗದಿದ್ದರೆ ಡಾಕ್ಟರ್ಸ್ ಆಫ್ ದಿ ವರ್ಲ್ಡ್ ಎನ್ನುವ ಚಾರಿಟಿ ಇದೆ. 1980ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಸಂಸ್ಥೆಯ ಇಲ್ಲಿನ ಶಾಖೆ ಇದು. ವೀಸಾ ಇಲ್ಲದವರು, ಆಶ್ರಯ ಕೇಳಿ ಬಂದವರು, ಯಾರ ಪಟ್ಟಿಯಲ್ಲೂ ಹೆಸರಿಲ್ಲದವರು ಇವರ ಮುಖ್ಯ ಕಾಳಜಿ. ಸ್ವಯಂಸೇವಕ ಡಾಕ್ಟರು, ನರ್ಸುಗಳು ನೋಡುತ್ತಾರೆ. ಅದಕ್ಕಿಂತ ಹೆಚ್ಚಾಗಿ ಜಿಪಿಯಲ್ಲಿ ಹೆಸರು ಬರೆಸಲು ತಾವೇ ಮುಂದೆ ನಿಲ್ಲುತ್ತಾರೆ. ಪುಕ್ಕಟೆ, ಗುಟ್ಟೂ ಕಾಯುತ್ತಾರೆ. "ಸೇಫ್ ಸರ್ಜರಿ" ಎಂದು ಇವರ ಜೊತೆ ಕೈಜೋಡಿಸಿರುವ ಜಿಪಿಗಳೂ ಊರೂರಲ್ಲಿವೆ. ನಿಮ್ಮ ಹತ್ತಿರ ಯಾವುದಿದೆ ನೋಡಿಕೊಂಡು ಮೊದಲು ಅಲ್ಲಿಗೇ ಹೋಗುವುದು ಜಾಣತನ.

ಊರಿಂದ ಅಪ್ಪ ಅಮ್ಮ ಬಂದಾಗ

ಜಾಸ್ತಿ ಪೆಟ್ಟು ತಿನ್ನುವುದು ಇಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇವೆ. ನೀವು ವೀಸಾಗೆ ಅರ್ಜಿ ಹಾಕುವಾಗಲೇ ಆರೋಗ್ಯದ ಸರ್‌ಚಾರ್ಜ್ ಕಟ್ಟಿರುತ್ತೀರಿ. 2024ರ ಫೆಬ್ರವರಿಯಿಂದ ಅದು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೂ ವಿದ್ಯಾರ್ಥಿಗಳಿಗೂ 776. ನರ್ಸ್ ಕೆಲಸಕ್ಕೆ ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ ಬಂದವರಿಗೂ ಅವರ ಮನೆಯವರಿಗೂ ಅದೂ ಇಲ್ಲ. ಆದ್ದರಿಂದ ನಿಮಗೆ ಆಸ್ಪತ್ರೆಯ ಬಿಲ್ ಬರುವುದಿಲ್ಲ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನ ಲೆಕ್ಕ ಬೇರೆ.

ಅವರೂ ಜಿಪಿಯನ್ನು ಪುಕ್ಕಟೆ ನೋಡಬಹುದು. ಮೂರು ತಿಂಗಳೊಳಗೆ ವಾಪಸ್ ಹೋಗುವವರನ್ನು ತಾತ್ಕಾಲಿಕ ರೋಗಿ ಎಂದು ಬರೆದುಕೊಳ್ಳುತ್ತಾರೆ. ಎ ಅಂಡ್ ಇ ಎನ್ನುವ ತುರ್ತು ವಿಭಾಗದಲ್ಲಿ ನೋಡಿದರೂ ದುಡ್ಡಿಲ್ಲ. ಆದರೆ ಅಲ್ಲಿಂದ ವಾರ್ಡಿಗೆ ಸೇರಿಸಿಕೊಂಡ ಗಳಿಗೆಯಿಂದ ಮೀಟರ್ ಓಡಲು ಶುರು. ದರ ಎನ್‌ಎಚ್‌ಎಸ್‌ನ ಮಾಮೂಲಿ ಖರ್ಚಿನ 150 ಶೇಕಡ. ಹೃದಯದ ಒಂದು ಸಣ್ಣ ಪ್ರೊಸೀಜರ್ ಆದರೂ ಸಾವಿರಾರು ಪೌಂಡ್ ಆಗುತ್ತದೆ. ಆದ್ದರಿಂದ ಟಿಕೆಟ್ ಬುಕ್ ಮಾಡುವ ದಿನವೇ ಟ್ರಾವೆಲ್ ಇನ್ಶೂರೆನ್ಸ್ ಕೊಳ್ಳಿ. ಶುಗರ್, ಬಿಪಿ ಇದ್ದರೆ ಮುಚ್ಚಿಡದೆ ಬರೆಸಿ. ಅಮ್ಮನಿಗೆ ಶುಗರ್ ಇಲ್ಲ ಎಂದು ಬರೆದು ನೂರು ಪೌಂಡ್ ಉಳಿಸಿದರೆ ಕ್ಲೈಮ್ ಹಾಕುವ ದಿನ ಅದೇ ಕುತ್ತಿಗೆಗೆ ಬರುತ್ತದೆ.

ಇನ್ಶೂರೆನ್ಸ್ ಇಲ್ಲದೆ ಎದೆನೋವು ಬಂತು ಅನ್ನಿ. ಬಿಲ್ಲಿಗೆ ಹೆದರಿ ಮನೆಯಲ್ಲಿ ಕೂರಬೇಡಿ, ಆಂಬುಲೆನ್ಸಿಗೆ 999ಕ್ಕೆ ಫೋನ್ ಮಾಡಿ. ತುರ್ತು ಚಿಕಿತ್ಸೆಯನ್ನು ದುಡ್ಡಿಗಾಗಿ ತಡೆಯುವಂತಿಲ್ಲ. ಹೆರಿಗೆಯೂ ಇದೇ ಲೆಕ್ಕಕ್ಕೆ ಬರುತ್ತದೆ: ಬಿಲ್ ಬರಬಹುದು, ಬಾಗಿಲು ಮುಚ್ಚುವಂತಿಲ್ಲ. ಬಿಲ್ ಬಂದ ಮೇಲೆ ಕಾಗದವನ್ನು ಡ್ರಾಯರಿಗೆ ಹಾಕಿ ಮರೆಯಬೇಡಿ. 500 ಪೌಂಡ್ ಅಥವಾ ಜಾಸ್ತಿ ಬಾಕಿ ಎರಡು ತಿಂಗಳು ಉಳಿದರೆ ಮುಂದೆ ಅವರ ವೀಸಾಗೆ ಅಡ್ಡ ಬರಬಹುದು. ಬಿಲ್ ಸರಿ ಇದೆಯೇ, ಕಂತಿನಲ್ಲಿ ಕಟ್ಟಬಹುದೇ ಎಂದು ನೋಡಿ ಹೇಳಲು ಸಿಟಿಜನ್ಸ್ ಅಡ್ವೈಸ್ ಇದೆ. ಎರಡನೇ ಮಹಾಯುದ್ಧ ಶುರುವಾದ 1939ರಲ್ಲಿ ಆರಂಭವಾದ ಚಾರಿಟಿ ಅದು, ಹೆಚ್ಚಿನ ಊರುಗಳಲ್ಲಿ ಕಚೇರಿ ಇದೆ. ಬಸುರಿಯರ ಬಿಲ್ಲಿನ ವಿಷಯಕ್ಕೆ ಮೆಟರ್ನಿಟಿ ಆಕ್ಷನ್ ಎಂಬ ಚಾರಿಟಿಯವರಿಗೆ ಜಾಸ್ತಿ ಗೊತ್ತು. ಟಿಬಿಯಂಥ ಅಂಟುರೋಗಗಳಿಗೆ ಮಾತ್ರ ಯಾರಿಗೂ ಬಿಲ್ ಇಲ್ಲ.

"ಕನ್ನಡ" ಅಂತ ಬಿಡಿಸಿ ಹೇಳಿ

ಡಾಕ್ಟರ ಹತ್ತಿರ ದುಭಾಷಿ ಕೇಳಬಹುದು, ಅದಕ್ಕೂ ದುಡ್ಡಿಲ್ಲ. ಆದರೆ ಅಪಾಯಿಂಟ್‌ಮೆಂಟ್ ಬುಕ್ ಮಾಡುವಾಗಲೇ ಕೇಳಬೇಕು. ಇಂಡಿಯನ್ ಅಂದರೆ ಹಿಂದಿ ಎಂದುಕೊಂಡು ಹಿಂದಿಯವರನ್ನು ಲೈನಿಗೆ ಹಾಕುವುದುಂಟು. ಹಾಸನದ ಅಜ್ಜಿಗೆ ಅದರಿಂದ ಏನು ಉಪಯೋಗ, ಅಲ್ವಾ? ಮಕ್ಕಳನ್ನು ದುಭಾಷಿ ಮಾಡಬೇಡಿ. ಅಜ್ಜಿ ತನ್ನ ಬಿಳಿಸೆರಗಿನ ತೊಂದರೆಯನ್ನು ಹತ್ತು ವರ್ಷದ ಮೊಮ್ಮಗನ ಮುಂದೆ ಹೇಳಿಕೊಳ್ಳುವುದಿಲ್ಲ. ಮಗನ ಮುಂದೆಯೂ ಹೇಳುವುದಿಲ್ಲ. ಧೈರ್ಯಕ್ಕೆ ಜೊತೆಗೊಬ್ಬರು ಬೇಕಾದರೆ ಬಳಗದ ಸ್ವಯಂಸೇವಕರು ಬರುತ್ತಾರೆ, ಹೊರಗೆ ಕೂತಿರುತ್ತಾರೆ.

ಔಷಧಿ ಖರ್ಚು

ಇಂಗ್ಲೆಂಡಿನಲ್ಲಿ ಚೀಟಿಯ ಒಂದೊಂದು ಔಷಧಿಗೆ 9.90 ಪೌಂಡ್. 16ರ ಒಳಗಿನವರಿಗೆ, 60 ದಾಟಿದವರಿಗೆ ಇಲ್ಲ. ಬಸುರಿಯರಿಗೂ ಇಲ್ಲ, ಆದರೆ ಮಿಡ್‌ವೈಫ್ (ಹೆರಿಗೆ ನೋಡಿಕೊಳ್ಳುವವರು) ಹತ್ತಿರ ವಿನಾಯ್ತಿ ಪತ್ರಕ್ಕೆ ಹೇಳಿ ಮಾಡಿಸಿಕೊಳ್ಳಬೇಕು. ಆದಾಯ ಕಡಿಮೆ ಇರುವವರು ಎಚ್‌ಸಿ-1 ಫಾರಂ ತುಂಬಿದರೆ ಎಚ್‌ಸಿ-2 ಎಂಬ ಪತ್ರ ಸಿಗಬಹುದು. ಅದಿದ್ದರೆ ಔಷಧಿ, ಹಲ್ಲು, ಕಣ್ಣಿನ ಪರೀಕ್ಷೆ ಎಲ್ಲಕ್ಕೂ ಅನುಕೂಲ. ಫಾರಂ ಉದ್ದ, ಪ್ರಶ್ನೆ ಸಿಕ್ಕಾಪಟ್ಟೆ. ತುಂಬಿಸಿಕೊಡಲು ಮತ್ತೆ ಸಿಟಿಜನ್ಸ್ ಅಡ್ವೈಸ್. ಗಂಟಲು ನೋವು, ಕಿವಿ ನೋವಿನಂಥವಕ್ಕೆ ಜಿಪಿಗೆ ಕಾಯಬೇಕಿಲ್ಲ. 2024ರ ಜನವರಿ ಕೊನೆಯಿಂದ ಇಂಥ ಏಳು ತೊಂದರೆಗಳಿಗೆ ಫಾರ್ಮಸಿಯವರೇ ನೋಡಿ ಔಷಧಿ ಕೊಡುತ್ತಾರೆ.

ಹಿರಿಯರು, ಒಂಟಿಯಾದವರು

ಆಸ್ಪತ್ರೆಗೆ ಹೋಗಿಬರುವುದೇ ಕಷ್ಟವೆಂದರೆ ಹಿರಿಯರಿಗಾಗಿಯೇ ಇರುವ ಏಜ್ ಯುಕೆ ಚಾರಿಟಿಯ ನಿಮ್ಮೂರ ಶಾಖೆಯನ್ನು ಕೇಳಿ. ತಮ್ಮದೇ ಕಾರಿನಲ್ಲಿ ಕರೆದೊಯ್ಯುವ ಸ್ವಯಂಸೇವಕ ಚಾಲಕರ ಗುಂಪುಗಳು ಬಹಳ ಊರುಗಳಲ್ಲಿವೆ, ಪೆಟ್ರೋಲಿನಷ್ಟು ಕೊಟ್ಟರಾಯಿತು. ಕಾಲು ಮುರಿದು ಸ್ವಲ್ಪ ದಿನಕ್ಕೆ ವೀಲ್‌ಚೇರ್ ಬೇಕಾದರೆ ಕೊಳ್ಳಬೇಡಿ, ಬ್ರಿಟಿಷ್ ರೆಡ್ ಕ್ರಾಸ್‌ನಲ್ಲಿ ವಿಚಾರಿಸಿ. ಜಿಪಿ ಸರ್ಜರಿಯಲ್ಲಿ ಲಿಂಕ್ ವರ್ಕರ್ ಎನ್ನುವವರಿರುತ್ತಾರೆ. ಊರಿನ ಯಾವ ಚಾರಿಟಿ ಏನು ಮಾಡುತ್ತದೆ ಎನ್ನುವುದು ಅವರ ಬಾಯಲ್ಲೇ ಇರುತ್ತದೆ. ನಮ್ಮವರಲ್ಲಿ ಅವರನ್ನು ಕೇಳುವವರೇ ಇಲ್ಲ.

ಬಾಣಂತನಕ್ಕೆ ತಾಯಿ ಬರಲಾಗದೆ ಮಂಕಾದವರು, ಚಳಿಗಾಲದಲ್ಲಿ ಕುಗ್ಗಿದವರು ಸುಮ್ನೆ ತಡೆದುಕೊಳ್ಳಬೇಡಿ. ನೊಂದವರ ಮಾತು ಕೇಳುವ ಸಮಾರಿಟನ್ಸ್ ಎಂಬ ಚಾರಿಟಿಯವರು 116 123ರಲ್ಲಿ ಹಗಲು ರಾತ್ರಿ ಸಿಗುತ್ತಾರೆ. ಎನ್‌ಎಚ್‌ಎಸ್‌ನ ಸಹಾಯವಾಣಿ 111ಕ್ಕೆ ಫೋನ್ ಮಾಡಿ 2 ಒತ್ತಿದರೆ ಮನಸ್ಸಿನ ತುರ್ತು ತೊಂದರೆಗೆ ನೆರವು. ಮನೆಯಲ್ಲಿ ಹೊಡೆತ ಬೈಗುಳ ಇದ್ದರೆ ರೆಫ್ಯೂಜ್ ಎಂಬ ಚಾರಿಟಿ ನಡೆಸುವ ಸಹಾಯವಾಣಿ 0808 2000 247. ದಕ್ಷಿಣ ಏಷ್ಯಾದ ಹೆಂಗಸರ ಪರ 1979ರಿಂದ ನಿಂತಿರುವ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್‌ಗೆ ಗಂಡನ ವೀಸಾದ ಮೇಲೆ ಇರುವವರ ಇಕ್ಕಟ್ಟು ಬಿಡಿಸಿ ಹೇಳಬೇಕಿಲ್ಲ. ಬಳಗದಲ್ಲಿ ಯಾರಿಗೂ ತಿಳಿಯುವುದು ಬೇಡವೆಂದರೆ ನೇರ ಅವರಿಗೇ ಫೋನ್ ಮಾಡಿ, ನಮಗೆ ಹೇಳಲೇಬೇಕು ಅಂತೇನಿಲ್ಲ.

ಬಳಗ ಏನು ಮಾಡುವುದಿಲ್ಲ

ವೀಸಾ ಸಲಹೆ ನಾವು ಕೊಡುವುದಿಲ್ಲ. ನೋಂದಾಯಿತ ಸಲಹೆಗಾರರಲ್ಲದವರು ಅದನ್ನು ಕೊಡುವುದು ಇಲ್ಲಿ ಕಾನೂನಿಗೆ ವಿರುದ್ಧ. ವಾಟ್ಸಾಪ್ ಗುಂಪಿನಲ್ಲಿ ಎಲ್ಲ ಬಲ್ಲ ಅಂಕಲ್ ಒಬ್ಬರು ಇದ್ದೇ ಇರುತ್ತಾರೆ. ಅವರ ಮಾತು ನಂಬಿ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಬಿಡಬೇಡಿ. ಯಾವ ಔಷಧಿ ಒಳ್ಳೆಯದು ಎಂದೂ ನಾವು ಹೇಳುವುದಿಲ್ಲ. ನಮಗೆ ಫೋನ್ ಮಾಡುವಾಗ ಪೋಸ್ಟ್‌ಕೋಡ್, ಆಸ್ಪತ್ರೆಯಿಂದ ಬಂದ ಕಾಗದ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು ಕೈಯಲ್ಲಿರಲಿ. ಊರಿಂದ ತಂದ ಮಾತ್ರೆಗಳ ಹೆಸರು ಇಲ್ಲಿ ಬೇರೆ ಇರುತ್ತದೆ, ಆದ್ದರಿಂದ ಮಾತ್ರೆಯ ಸ್ಟ್ರಿಪ್ಪಿನ ಹಿಂದೆ ಬರೆದಿರುವ ರಾಸಾಯನಿಕ ಹೆಸರನ್ನೇ ಓದಿ ಹೇಳಿ.