ಸೈಲೆನ್ಸರ್ ಬದಲಿಸುವ ಮುಂಚೆ ಊದುಗೊಳವೆ ನೆನಪಿರಲಿ

ಕೆಲವು ವರ್ಷಗಳ ಹಿಂದೆ ನನ್ನ ಪೆಟ್ರೋಲ್ ಹ್ಯಾಚ್‌ಬ್ಯಾಕಿನ ಸೈಲೆನ್ಸರ್ ಕಿತ್ತು ಹಾಕಿ, 3 ಇಂಚಿನ ನೆಟ್ಟನೆ ಪೈಪ್ ಹಾಕಿಸಿದ್ದೆ. ಸದ್ದಿಗೆ ಓಣಿಯ ನಾಯಿಗಳೆಲ್ಲ ಎದ್ದು ಕೂತವು. ಮರುದಿನ ನಮ್ಮ ಕಲಬುರಗಿಯ ಆಳಂದ ರಸ್ತೆಯಲ್ಲಿ ತೊಗರಿ ತುಂಬಿದ ಟ್ರ್ಯಾಕ್ಟರ್ ದಾಟಲು ಹೋದರೆ ಪಿಕಪ್ಪೇ ಇಲ್ಲ! ಕೂಗಾಟ ಜಾಸ್ತಿ, ಓಟ ಕಮ್ಮಿ.

ಯಾಕೆ ಹೀಗಾಯ್ತು? ಅವ್ವ ಒಲೆ ಊದುವುದನ್ನು ನೋಡಿದ್ದೀರಲ್ವಾ? ಸಣ್ಣ ಊದುಗೊಳವೆಯಲ್ಲಿ ಊದಿದರೆ ಕೆಂಡ ಭಗ್ಗನೆ ಹತ್ತುತ್ತದೆ. ಅದೇ ಉಸಿರನ್ನು ಬೋರ್‌ವೆಲ್ ಪೈಪಿನಲ್ಲಿ ಊದಿ ನೋಡಿ, ಬೂದಿಯೂ ಅಲುಗಲ್ಲ. ಎಂಜಿನ್ನಿನ ಹೊಗೆಯೂ ಹಾಗೇ. ವೇಗವಾಗಿ ಹೊರಟ ಹೊಗೆ ತನ್ನ ಹಿಂದೆ ಬರುವುದನ್ನೂ ಎಳೆದುಕೊಂಡು ಹೋಗಿ ಸಿಲಿಂಡರ್ ಖಾಲಿ ಮಾಡುತ್ತದೆ. ಪೈಪ್ ಅತಿ ಅಗಲವಾದರೆ ಆ ಎಳೆತವೇ ಸತ್ತುಹೋಗುತ್ತದೆ. ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ, 100 ಎಚ್‌ಪಿ (ಅಶ್ವಶಕ್ತಿ) ಆಸುಪಾಸಿನ ಗಾಡಿಗೆ 2 ಇಂಚು ಸಾಕು. 200ರ ಹತ್ತಿರ ಹೋದರೆ 2.5.

ಇನ್ನು, ಶಕ್ತಿ ಸಿಗುವುದು ಎಲ್ಲಿ? ಹಿಂದಿನ ಡಬ್ಬಿ ಮಾತ್ರ ಬದಲಿಸಿದರೆ ಒಂದೆರಡು ಎಚ್‌ಪಿ ಸಿಕ್ಕರೆ ಪುಣ್ಯ, ಉಳಿದದ್ದು ಬರೀ ಸದ್ದು. ಟರ್ಬೊ ಇಲ್ಲದ ಗಾಡಿಯಲ್ಲಿ ಎಂಜಿನ್‌ಗೆ ಅಂಟಿಕೊಂಡ ಮೊದಲ ಪೈಪ್, ಅಂದರೆ ಹೆಡರ್ ಮುಖ್ಯ. ಪೋಲೊ ಜಿಟಿ ಟಿಎಸ್‌ಐ, ಐ20 ಎನ್ ಲೈನ್ ಥರದ ಟರ್ಬೊ ಗಾಡಿಯಲ್ಲಿ ಟರ್ಬೊದಿಂದ ಇಳಿಯುವ ಡೌನ್‌ಪೈಪ್. ಅದರ ಜೊತೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಟ್ಯೂನ್ ಆಗದಿದ್ದರೆ ಪೂರ್ತಿ ಲಾಭ ಬರಲ್ಲ. ಹೊಗೆಯ ವಿಷ ಇಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮಾತ್ರ ತೆಗೆಸಬೇಡಿ. ವಿಷದ ಹೊಗೆಯ ಜೊತೆ ಮೀಟರಿನಲ್ಲಿ ಚೆಕ್ ಎಂಜಿನ್ ದೀಪವೂ ಹತ್ತುತ್ತದೆ.

ಅಂದಹಾಗೆ, ಖರ್ಚು ಮಾಡುವ ಮುಂಚೆ ಏರ್ ಫಿಲ್ಟರ್ ತೆಗೆದು ನೋಡಿ. ತೊಗರಿ ರಾಶಿಯ ಕಾಲದಲ್ಲಿ ನಮ್ಮ ಕಡೆ ಅದರಲ್ಲಿ ಅರ್ಧ ಹೊಲವೇ ಕೂತಿರುತ್ತದೆ.

ಪೈಪ್ ಕೊಳ್ಳುವಾಗ ತಿರುವಿನಲ್ಲಿ ಬೆರಳಾಡಿಸಿ. ಸುಕ್ಕು, ಚಪ್ಪಟೆ ಸಿಕ್ಕರೆ ಬೇಡ. ಮ್ಯಾಂಡ್ರೆಲ್ ಬೆಂಡ್ ಮಾಡಿದ್ದರೆ, ಅಂದರೆ ಒಳಗೆ ಅಚ್ಚು ಇಟ್ಟು ಬಗ್ಗಿಸಿದ್ದರೆ, ತಿರುವಿನಲ್ಲೂ ಅದೇ ಅಗಲ ಇರುತ್ತದೆ. 304 ಸ್ಟೇನ್‌ಲೆಸ್ ಸ್ಟೀಲ್ ತುಟ್ಟಿ, ಆದರೆ ಭಾಳ ದಿನ ಬರುತ್ತದೆ.

ಕೆಲಸಕ್ಕೆ ಬೆಳಗಿನ ಜಾವ ಒಳ್ಳೆಯದು. ನಮ್ಮ ಮೇ ತಿಂಗಳಲ್ಲಿ ಮಧ್ಯಾಹ್ನ ಗಾಡಿ ಕೆಳಗೆ ಮಲಗುವುದು ಶಿಕ್ಷೆ. ರಾತ್ರಿಯೆಲ್ಲ ನಿಂತ ಗಾಡಿಯ ಪೈಪ್ ತಣ್ಣಗೂ ಇರುತ್ತದೆ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ. ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿರಿ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ಗೆ ಸಾಮಾನ್ಯವಾಗಿ 22ರ ಪಾನಾ ಹಿಡಿಯುತ್ತದೆ. ಮೊದಲು ವೈರಿನ ಸಾಕೆಟ್ ಬಿಡಿಸಿ, ಆಮೇಲೆ ತಿರುಗಿಸಿ. ನಾನು ಅವಸರ ಮಾಡಿ ವೈರೇ ತಿರುಚಿ ಹರಿದಿದ್ದೆ. ಸೆನ್ಸರ್ ಹೊಸದೇ ತರಬೇಕಾಯ್ತು.

ಹಳೆಯ ಪೈಪನ್ನು ನೇತುಹಾಕಿದ ರಬ್ಬರ್ ಹ್ಯಾಂಗರ್‌ಗಳಿಗೆ ಸೋಪು ನೀರು ಹಚ್ಚಿದರೆ ಸುಲಭವಾಗಿ ಜಾರುತ್ತವೆ. ಜಾಯಿಂಟ್ ಲೀಕ್ ಆಗದಂತೆ ನಡುವೆ ಇಡುವ ಗ್ಯಾಸ್ಕೆಟ್ ಹಳೆಯದನ್ನೇ ಮತ್ತೆ ಹಾಕುವ ಜಿಪುಣತನ ಬೇಡ. ಹೊಸ ಪೈಪ್ ಜೋಡಿಸುವಾಗ ಎಲ್ಲ ಬೋಲ್ಟ್ ಸಡಿಲವಾಗಿಯೇ ಬಿಡಿ. ಪೈಪ್ ಎಲ್ಲೂ ಗಾಡಿಯ ತಳಕ್ಕೆ ತಾಗುತ್ತಿಲ್ಲ ಅಂತ ಕೈಯಿಂದ ಅಲುಗಾಡಿಸಿ ನೋಡಿ, ಎಂಜಿನ್ ಕಡೆಯಿಂದ ಹಿಂದಕ್ಕೆ ಒಂದೊಂದೇ ಬಿಗಿ ಮಾಡುತ್ತ ಬನ್ನಿ. ಇಲ್ಲೇ ಹೆಚ್ಚಿನವರು ಎಡವುವುದು. ಮೊದಲೇ ಬಿಗಿದರೆ ಬಾಲ ಸೊಟ್ಟಗಾಗುತ್ತದೆ.

ಗಾಡಿ ಚಾಲೂ ಮಾಡಿ, ಪೈಪ್ ಕಾಯುವ ಮುಂಚೆ ಜಾಯಿಂಟ್‌ಗಳಿಗೆ ಸೋಪು ನೀರು ಸಿಂಪಡಿಸಿ. ಗುಳ್ಳೆ ಎದ್ದರೆ ಅಲ್ಲಿ ಲೀಕ್. ಮೊದಲ ಹತ್ತು ನಿಮಿಷ ಸ್ವಲ್ಪ ಹೊಗೆ ಬಂದರೆ ಗಾಬರಿ ಬೇಡ, ಪೈಪಿನ ಮೇಲಿನ ಎಣ್ಣೆ ಸುಡುತ್ತಿರುತ್ತದೆ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಮಾತ್ರ ಇದು ಬೇಡವೇ ಬೇಡ.

ಕಾನೂನಿನ ಮಾತು ಇಷ್ಟೇ: ಕಂಪನಿ ಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆ ಬಿಡಲ್ಲ. 2019ರ ತಿದ್ದುಪಡಿಯ ನಂತರ ಶಬ್ದ, ಹೊಗೆಯ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ. ಹಾಗಾಗಿ ಜೋರು ಪೈಪ್ ಏನಿದ್ದರೂ ಟ್ರ್ಯಾಕಿಗೆ. ಕಂಪನಿಯ ಸೈಲೆನ್ಸರ್ ಗುಜರಿಗೆ ಹಾಕದೆ ಮನೆಯಲ್ಲೇ ಇಟ್ಟಿರಿ.

ನೂರು ಕಿ.ಮೀ. ಓಡಿದ ಮೇಲೆ, ಅಂದರೆ ಹುಮನಾಬಾದ್‌ಗೆ ಒಂದು ಸಲ ಹೋಗಿ ಬಂದ ಮೇಲೆ, ಗಾಡಿ ತಣಿದಾಗ ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿ. ಹಾಗೇ ಪೈಪಿನ ಹೊಟ್ಟೆ ನೋಡಿ. ಹೊಳೆಯುವ ಗೀರು ಕಂಡರೆ ಯಾವುದೋ ಹಂಪ್ ಅದನ್ನು ಆಗಲೇ ಮಾತಾಡಿಸಿದೆ ಅಂತ ಅರ್ಥ. ಹ್ಯಾಂಗರ್ ಒಂದು ಬೆರಳು ಮೇಲಕ್ಕೆ ಎತ್ತಿ ಕಟ್ಟಿ.