ಗ್ರೀನ್ ಕಾರ್ಡ್ ಸಾಲಿನಲ್ಲಿ ಮನೆಯವರ ತಾರೀಕುಗಳ ಲೆಕ್ಕ ನಾನು ಇಟ್ಟ ಬಗೆ

ನಮ್ಮ ಮನೆಯಲ್ಲಿ ವೀಸಾ ಕಾಗದಗಳ ಜವಾಬ್ದಾರಿ ನನ್ನದು. ನಾವಿರುವುದು ನ್ಯೂಜೆರ್ಸಿಯಲ್ಲಿ. ಯಜಮಾನರದು ಕೆಲಸದ ವೀಸಾ, ಎಚ್-1ಬಿ. ನಾನು ಮತ್ತು ಮಗಳು ಅವರ ಬೆನ್ನಿಗೆ ಎಚ್-4 ಅನ್ನೋ ಕುಟುಂಬದವರ ವೀಸಾ ಮೇಲೆ ಬಂದವರು. ಗ್ರೀನ್ ಕಾರ್ಡ್‌ಗೆ, ಅಂದರೆ ಅಮೆರಿಕದಲ್ಲಿ ಕಾಯಂ ಇರಲು, ಅರ್ಜಿ ಹಾಕುವುದು ಅವರ ಕಂಪನಿ, ಬರೆಯುವುದು ಕಂಪನಿಯ ವಕೀಲರು. ಆ ವಕೀಲರ ಕಣ್ಣು ಇರುವುದು ಕೆಲಸಗಾರನ ಅರ್ಜಿಯ ಮೇಲೆ. ಹೆಂಡತಿಯ ಕೆಲಸದ ಪರವಾನಗಿ ಯಾವತ್ತು ಮುಗಿಯುತ್ತೆ, ಮಗಳಿಗೆ 21 ಯಾವತ್ತು ತುಂಬುತ್ತೆ ಅಂತ ಅವರು ನೆನಪಿಟ್ಟುಕೊಳ್ಳುವುದಿಲ್ಲ. ಅದು ಅವರ ತಪ್ಪೂ ಅಲ್ಲ, ಅವರಿಗೆ ದುಡ್ಡು ಕೊಡೋದು ಕಂಪನಿ. ಹಾಗಾಗಿ ಮನೆಯವರ ತಾರೀಕುಗಳನ್ನು ಮನೆಯವರೇ ನೋಡಿಕೊಳ್ಳಬೇಕು. ಇದನ್ನು ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ.

ಮೊದಲು ನಮ್ಮ ಸಾಲಿನ ವಿಷಯ. ಕೆಲಸದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಹೆಂಡತಿ, ಗಂಡ, ಮಕ್ಕಳು ಎಲ್ಲ ಅದರಲ್ಲೇ ಲೆಕ್ಕ. ಒಂದೊಂದು ದೇಶಕ್ಕೆ ಶೇ. 7ರ ಮಿತಿ. ಭಾರತದವರು ಜಾಸ್ತಿ, ಹಾಗಾಗಿ ಸಾಲು ವರ್ಷಗಟ್ಟಲೆ ಉದ್ದ. ಈ ಕೆಲಸಕ್ಕೆ ಇಲ್ಲಿಯವರು ಸಿಗಲಿಲ್ಲ ಅಂತ ಕಂಪನಿ ಹಾಕುವ ಪರ್ಮ್ ಅರ್ಜಿ ಕಾರ್ಮಿಕ ಇಲಾಖೆಗೆ ಹೋದ ದಿನವೇ ಸಾಲಿನಲ್ಲಿ ನಮ್ಮ ಜಾಗ. ಅದಕ್ಕೆ ಪ್ರಯಾರಿಟಿ ಡೇಟ್ ಅನ್ನುತ್ತಾರೆ. ನಮ್ಮದು 2014ರ ಡಿಸೆಂಬರ್ 12, ಇಬಿ-2 ವರ್ಗ, ಅಂದರೆ ಹೆಚ್ಚಿನ ಪದವಿ ಬೇಕಾದ ಕೆಲಸಗಳದ್ದು. ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ವೀಸಾ ಬುಲೆಟಿನ್ ಹಾಕುತ್ತದೆ. ಪ್ರಯಾರಿಟಿ ಡೇಟ್ ಯಾವ ತಾರೀಕಿಗಿಂತ ಹಿಂದಿನದಾದರೆ ಸರದಿ ಬಂತು ಅಂತ ಹೇಳುವ ಎರಡು ಪಟ್ಟಿ ಅದರಲ್ಲಿ. ಒಂದು ಕಾರ್ಡ್ ಕೊಡುವ ತಾರೀಕು, ಇನ್ನೊಂದು ಅರ್ಜಿ ತೆಗೆದುಕೊಳ್ಳುವ ತಾರೀಕು. ಈ ಎರಡರ ನಡುವಿನ ವ್ಯತ್ಯಾಸವೇ ಮುಂದೆ ನಮ್ಮ ಮಗಳ ಹಣೆಬರಹ ಆಯಿತು.

ನಾನು ಬರೆದಿಡಲು ಶುರು ಮಾಡಿದ್ದು ಐ-94ನಿಂದ, ಅಂದರೆ ದೇಶದೊಳಗೆ ಬಂದಾಗ ಮಾಡುವ ದಾಖಲೆಯಿಂದ. ವೀಸಾ ಸ್ಟಿಕರ್ ಒಳಗೆ ಬರೋದಕ್ಕೆ ಮಾತ್ರ, ಎಲ್ಲಿಯವರೆಗೆ ಇರಬಹುದು ಅನ್ನೋದು ಐ-94ರಲ್ಲಿ. ವಿಮಾನ ನಿಲ್ದಾಣದ ಅಧಿಕಾರಿ ಪಾಸ್‌ಪೋರ್ಟ್ ಮುಗಿಯುವ ದಿನವನ್ನೂ ನೋಡುತ್ತಾರೆ. ಯಾವುದು ಮೊದಲು ಮುಗಿಯುತ್ತೋ ಆ ತಾರೀಕು ಹಾಕುತ್ತಾರೆ. ಚಿಕ್ಕ ಮಕ್ಕಳಿಗೆ ಭಾರತದ ಪಾಸ್‌ಪೋರ್ಟ್ ಸಿಗೋದೇ ಐದು ವರ್ಷಕ್ಕೆ. 2017ರಲ್ಲಿ ಬೆಂಗಳೂರಿನಿಂದ ವಾಪಸ್ ಬಂದಾಗ ನಮ್ಮಿಬ್ಬರಿಗೆ ಎಚ್-1ಬಿ ಮುಗಿಯುವವರೆಗೆ ಸಿಕ್ಕಿತು, ಮಗಳಿಗೆ ಅವಳ ಪಾಸ್‌ಪೋರ್ಟ್ ಮುಗಿಯುವವರೆಗೆ ಮಾತ್ರ. ಮನೆಗೆ ಬಂದ ರಾತ್ರಿಯೇ ಮೂವರ ಐ-94 ಡೌನ್‌ಲೋಡ್ ಮಾಡಿ ನೋಡಿದ್ದರಿಂದ ಗೊತ್ತಾಯಿತು. ಹೊಸ ಪಾಸ್‌ಪೋರ್ಟ್ ಮಾಡಿಸಿ ಅವಳೊಬ್ಬಳಿಗೆ ಐ-539, ಅಂದರೆ ಅವಧಿ ವಿಸ್ತರಣೆಯ ಅರ್ಜಿ, ಹಾಕಿದೆವು. ನೋಡದೆ ಇದ್ದಿದ್ದರೆ ಅವಳ ಅವಧಿ ಸುಮ್ನೆ ಮುಗಿದುಹೋಗುತ್ತಿತ್ತು, ಯಾರೂ ಪತ್ರ ಬರೆದು ಎಚ್ಚರಿಸುತ್ತಿರಲಿಲ್ಲ.

ನನ್ನ ಕೆಲಸದ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಗಂಡನ ಐ-140 (ಪರ್ಮ್ ಆದಮೇಲೆ ಕಂಪನಿ ಹಾಕುವ ಗ್ರೀನ್ ಕಾರ್ಡ್ ಅರ್ಜಿ) ಪಾಸಾಗಿದ್ದರೆ ಎಚ್-4 ಮೇಲಿರುವ ಹೆಂಡತಿ ಕೆಲಸ ಮಾಡಬಹುದು ಅನ್ನೋ ನಿಯಮ ಬಂದದ್ದು 2015ರ ಮೇ 26ಕ್ಕೆ. ಆ ಕೆಲಸದ ಪರವಾನಗಿ, ಇಎಡಿ ಕಾರ್ಡ್, ಬಂದಮೇಲೆ ನನಗೂ ಕೆಲಸ ಸಿಕ್ಕಿತು. ಎರಡು ವರ್ಷಕ್ಕೆಲ್ಲ ಇದನ್ನು ತೆಗೆದುಹಾಕುತ್ತಾರೆ ಅನ್ನೋ ಮಾತು ಶುರುವಾಯಿತು. 2021ರ ಜನವರಿಯವರೆಗೂ ಆ ಪ್ರಸ್ತಾಪ ತಲೆಯ ಮೇಲೆ ತೂಗುತ್ತಲೇ ಇತ್ತು. ಕೊನೆಗೂ ನಿಯಮ ಹೋಗಲಿಲ್ಲ. ನಮಗೆ ಪೆಟ್ಟು ಕೊಟ್ಟದ್ದು ಬೇರೆ. 2019ರ ಮಾರ್ಚ್‌ನಿಂದ ಎಚ್-4 ವಿಸ್ತರಣೆಗೆ ಬೆರಳಚ್ಚು ಬೇಕು ಅಂದರು. ಗಂಡನ ಅರ್ಜಿಯ ಜೊತೆಗೇ ಮುಗಿಯುತ್ತಿದ್ದದ್ದು ತಿಂಗಳುಗಟ್ಟಲೆ ಎಳೆಯಿತು. ನಾನು ಸಂಬಳವಿಲ್ಲದ ರಜೆಯಲ್ಲಿ ಮನೆಯಲ್ಲಿ ಕೂತೆ. ದೊಡ್ಡ ಸುದ್ದಿಗೆ ಹೆದರುತ್ತಾ ಕೂತವರನ್ನು ಚಿಕ್ಕ ಫಾರಂ ಬದಲಾವಣೆ ಹೊಡೆದುಹಾಕುತ್ತದೆ ಅಂತ ನನಗೆ ಅರ್ಥ ಆದದ್ದು ಆಗ.

ಆ ರಜೆಯಲ್ಲಿ ಒಂದು ಉಪಯೋಗದ ಕೆಲಸ ಮಾಡಿದೆ. ಜನನ ಪ್ರಮಾಣಪತ್ರಗಳನ್ನು ಸರಿಮಾಡಿಕೊಂಡೆ. ನಾನು ಹುಟ್ಟಿದ್ದು ತಿಪಟೂರು ತಾಲ್ಲೂಕಿನ ಹಳ್ಳಿಯಲ್ಲಿ. ದಾಖಲೆಯಲ್ಲಿ ಇದ್ದದ್ದು 'ಹೆಣ್ಣು ಮಗು' ಅಂತ, ಹೆಸರೇ ಇಲ್ಲ. ನಮ್ಮ ಕಾಲದಲ್ಲಿ ಎಷ್ಟೋ ಜನರದ್ದು ಹೀಗೇ ಅಲ್ವಾ? ಅಣ್ಣ ತಾಲ್ಲೂಕು ಕಚೇರಿಗೆ ಓಡಾಡಿ ಹೆಸರು ಸೇರಿಸಿಸಿದ. ಯಜಮಾನರದ್ದು ನೋಂದಣಿಯೇ ಆಗಿರಲಿಲ್ಲ. ಅಂಥವರಿಗೆ ದಾಖಲೆ ಲಭ್ಯವಿಲ್ಲ ಅನ್ನೋ ಪತ್ರ ಕೊಡುತ್ತಾರೆ. ಅದರ ಜೊತೆಗೆ, ಹುಟ್ಟಿದ್ದು ಗೊತ್ತಿರುವ ಇಬ್ಬರು ಹಿರಿಯರ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಇನಿಷಿಯಲ್ ಸಮಸ್ಯೆ ಬೇರೆ. ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಅಪ್ಪನ ಹೆಸರು ಸರ್‌ನೇಮ್ ಆಗಿದೆ. ಎರಡೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿದೆವು. ಸಾಕ್ಷಿ ಹೇಳುವ ಹಿರಿಯರು ಗಟ್ಟಿಯಾಗಿರುವಾಗಲೇ ಇದನ್ನು ಮಾಡಿಸಿಬಿಡಿ. ಸಾಲು ಮುಂದೆ ಹೋದಮೇಲೆ ನೋಡೋಣ ಅಂತ ಬಿಡಬೇಡಿ.

ಆ ತಯಾರಿ ಕೈ ಹಿಡಿದದ್ದು 2020ರ ಅಕ್ಟೋಬರಿನಲ್ಲಿ. ಆ ತಿಂಗಳ ಬುಲೆಟಿನ್‌ನಲ್ಲಿ ಇಬಿ-3ರ ಅರ್ಜಿ ತಾರೀಕು ಭಾರತಕ್ಕೆ 2015ರ ಜನವರಿ 1ಕ್ಕೆ ಹಾರಿತು. ಇಬಿ-2 ಮಾತ್ರ 2011ರ ಮೇ 15ರಲ್ಲೇ ಇತ್ತು. ಕೆಳಗಿನ ವರ್ಗ ಮೂರೂವರೆ ವರ್ಷ ಮುಂದೆ! ಅದೇ ಪರ್ಮ್ ಇಟ್ಟುಕೊಂಡು ಇಬಿ-3ರಲ್ಲಿ ಹೊಸ ಐ-140 ಹಾಕಿ, ಜೊತೆಗೇ ಮೂವರ ಐ-485, ಅಂದರೆ ಗ್ರೀನ್ ಕಾರ್ಡ್‌ಗೆ ನಮ್ಮ ಹೆಸರಲ್ಲೇ ಹೋಗುವ ಕೊನೆಯ ಅರ್ಜಿ, ಹಾಕಬಹುದಿತ್ತು. ಎಲ್ಲರೂ ಡೌನ್‌ಗ್ರೇಡ್ ಅಂತ ಕರೆದದ್ದು ಇದನ್ನೇ. ಹಳೆಯ ಇಬಿ-2 ಅನುಮೋದನೆ ಹಾಗೇ ಉಳಿಯುತ್ತದೆ. ಕಂಪನಿ ಒಪ್ಪಿತು. ವಕೀಲರ ಕಚೇರಿಯಲ್ಲಿ ಕಾಗದ ಪೂರ್ತಿ ಇದ್ದವರದ್ದು ಮೊದಲು ಹೊರಟಿತು, ನಮ್ಮದೂ ಅದರಲ್ಲಿತ್ತು.

ಒಂದು ವಿಷಯಕ್ಕೆ ಮಾತ್ರ ನಾನು ಗಟ್ಟಿಯಾಗಿ ನಿಂತೆ. ಐ-140ಗೆ ಪ್ರೀಮಿಯಂ, ಅಂದರೆ ಬೇಗ ತೀರ್ಮಾನ ಆಗಲಿ ಅಂತ ಕೊಡುವ ಹೆಚ್ಚಿನ ಶುಲ್ಕ, ಕಟ್ಟುವುದು ಬೇಡ ಅಂದೆ. ಬೇಗ ಆಗುವುದು ಬೇಡ ಅನ್ನೋರು ಯಾರು ಅಂತ ಯಜಮಾನರು ನಕ್ಕರು. ಕಾರಣ ಇತ್ತು. ಮಗಳು ಹುಟ್ಟಿದ್ದು 2001ರ ನವೆಂಬರ್‌ನಲ್ಲಿ. 21 ತುಂಬಿದ ಮಕ್ಕಳು ಅಪ್ಪನ ಅರ್ಜಿಯಿಂದ ಹೊರಗೆ. ಆದರೆ 2002ರಲ್ಲಿ ಬಂದ ಸಿಎಸ್‌ಪಿಎ ಅನ್ನೋ ಕಾನೂನು ವಯಸ್ಸನ್ನು ಬೇರೆ ಥರ ಲೆಕ್ಕ ಹಾಕುತ್ತದೆ. ವೀಸಾ ಲಭ್ಯವಾದ ದಿನದ ವಯಸ್ಸಿನಿಂದ ಐ-140 ಬಾಕಿ ಇದ್ದ ದಿನಗಳನ್ನು ಕಳೆಯಬೇಕು. ಅಂದರೆ ಐ-140 ನಿಧಾನವಾದಷ್ಟೂ ಮಗುವಿಗೆ ಲಾಭ. ಪ್ರೀಮಿಯಂ ಕಟ್ಟಿ ಎರಡು ವಾರದಲ್ಲಿ ಪಾಸು ಮಾಡಿಸಿಕೊಂಡರೆ ಕಳೆಯಲು ಸಿಗೋದು ಎರಡೇ ವಾರ. ನಮ್ಮದು ಮುಂದಿನ ವರ್ಷದ ಬೇಸಿಗೆಗೆ ಪಾಸಾಯಿತು.

ಆಗಿನ ಪದ್ಧತಿಯಲ್ಲಿ ವೀಸಾ ಲಭ್ಯವಾದ ದಿನ ಅಂದರೆ ಕಾರ್ಡ್ ಕೊಡುವ ಪಟ್ಟಿಯಲ್ಲಿ ನಮ್ಮ ತಾರೀಕು ಬಂದ ದಿನ. ಅರ್ಜಿ ತೆಗೆದುಕೊಂಡರೂ ವಯಸ್ಸು ನಿಲ್ಲುತ್ತಿರಲಿಲ್ಲ. 2022ರಲ್ಲಿ ಇಬಿ-2 ಓಡಿತು. ಕೋವಿಡ್‌ನಿಂದ ಬಳಕೆಯಾಗದ ಕುಟುಂಬ ವೀಸಾಗಳು ಕೆಲಸದ ವರ್ಗಕ್ಕೆ ಸೇರಿ ಆ ವರ್ಷದ ಮಿತಿ ಸುಮಾರು 2,81,000 ಆಗಿತ್ತು. ಹಳೆಯ ಇಬಿ-2 ಇದ್ದವರು ಮತ್ತೆ ಅದಕ್ಕೆ ದಾಟಿಕೊಂಡರು, ನಾವೂ ಪತ್ರ ತಯಾರು ಮಾಡಿಟ್ಟೆವು. ಜುಲೈನಲ್ಲಿ ತಾರೀಕು 2014ರ ಡಿಸೆಂಬರ್ 1ಕ್ಕೆ ಬಂತು. ನಮ್ಮದು 12. ಆಗಸ್ಟ್‌ನಲ್ಲಿ ಅಲ್ಲೇ ನಿಂತಿತು, ಸೆಪ್ಟೆಂಬರಿನಲ್ಲೂ ಅಲ್ಲೇ. ಅಕ್ಟೋಬರಿಗೆ 2012ಕ್ಕೆ ಹಿಂದೆ ಬಿತ್ತು, ಡಿಸೆಂಬರಿಗೆ 2011ರ ಅಕ್ಟೋಬರ್ 8. ಹನ್ನೊಂದು ದಿನಕ್ಕೆ ತಪ್ಪಿಹೋಯಿತು. ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ನವೆಂಬರಿನಲ್ಲಿ ಮಗಳಿಗೆ 21 ತುಂಬಿತು. ಎಚ್-4 ಅಲ್ಲಿಗೆ ಮುಗಿಯಿತು. ಸಿಎಸ್‌ಪಿಎ ಲೆಕ್ಕದಲ್ಲಿ ಇನ್ನೂ ಕೆಲವು ತಿಂಗಳು ಉಳಿದಿತ್ತು, ಬೇಸಿಗೆಗೆ ಅದೂ ಮುಗಿಯುತ್ತಿತ್ತು. ಸ್ಟೂಡೆಂಟ್ ವೀಸಾಕ್ಕೆ ಬದಲಾಯಿಸಿಬಿಡಿ ಅಂತ ಎಲ್ಲರೂ ಹೇಳಿದರು. ಆ ವೀಸಾ, ಎಫ್-1, ಕೇಳುವವರು ಓದು ಮುಗಿದಮೇಲೆ ಊರಿಗೆ ಹೋಗುತ್ತೇನೆ ಅಂತ ತೋರಿಸಬೇಕು. ಗ್ರೀನ್ ಕಾರ್ಡ್ ಅರ್ಜಿ ಬಾಕಿ ಇಟ್ಟುಕೊಂಡು ಅದನ್ನು ಹೇಗೆ ತೋರಿಸುವುದು? ಈ ಸಲ ನಮ್ಮದೇ ದುಡ್ಡು ಕೊಟ್ಟು ಹೊರಗಿನ ವಕೀಲರನ್ನು ಕೇಳಿದೆವು. ಒಬ್ಬರು ಹಾಕಿ ಅಂದರು, ಇನ್ನೊಬ್ಬರು ಕೈ ಮುಗಿದು ಬೇಡ ಅಂದರು. ಐ-485 ಬಾಕಿ ಇರುವವರೆಗೆ ಅವಳು ಇಲ್ಲಿ ಇರಬಹುದು, ಅದರ ಇಎಡಿಯಲ್ಲಿ ಕೆಲಸವನ್ನೂ ಮಾಡಬಹುದು. ಹಾಗಾಗಿ ಎಫ್-1 ಹಾಕಲಿಲ್ಲ. ಅದರ ಬದಲು ಕೆನಡಾದ ಕಾಲೇಜುಗಳ ಪಟ್ಟಿ ಮಾಡಿಟ್ಟೆವು.

2023ರ ಫೆಬ್ರುವರಿ 14ಕ್ಕೆ ಪದ್ಧತಿ ಬದಲಾಯಿತು. ಅರ್ಜಿ ತೆಗೆದುಕೊಳ್ಳುವ ಪಟ್ಟಿಯಿಂದಲೇ ವಯಸ್ಸು ಲೆಕ್ಕ ಹಾಕುತ್ತೇವೆ, ಬಾಕಿ ಇರುವ ಅರ್ಜಿಗಳಿಗೂ ಇದು ಅನ್ವಯ ಅಂತ ವಲಸೆ ಇಲಾಖೆಯವರು ಅಂದರು. ನಾನು ಅಡುಗೆಮನೆ ಮೇಜಿನ ಮೇಲೆ ಲೆಕ್ಕ ಹಾಕಿದೆ. ಐ-140 ಪಾಸಾದ ದಿನದ ವಯಸ್ಸಿನಿಂದ ಅದು ಬಾಕಿ ಇದ್ದ ದಿನ ಕಳೆದರೆ ಬರುವುದು 18. ಮಗಳ ವಯಸ್ಸು ಅಲ್ಲಿಗೆ ನಿಂತಿತು. ಆದರೆ ಇದು ಕಾನೂನು ಬದಲಾದದ್ದಲ್ಲ, ಕಾನೂನನ್ನು ಓದುವ ರೀತಿ ಬದಲಾದದ್ದು. ಮತ್ತೆ ಬದಲಾಗಬಹುದು ಅಂತ ಆವತ್ತೇ ಆ ಪುಟವನ್ನೂ, ಆ ತಿಂಗಳ ಬುಲೆಟಿನ್‌ಗಳನ್ನೂ ಪಿಡಿಎಫ್ ಮಾಡಿ ಇಟ್ಟುಕೊಂಡೆ. ಹಾಗೇ ಆಯಿತು. 2025ರ ಆಗಸ್ಟ್ 15ರಿಂದ ಹಾಕಿದ ಅರ್ಜಿಗಳಿಗೆ ಮತ್ತೆ ಹಳೆಯ ಲೆಕ್ಕ. ಅದಕ್ಕೂ ಮೊದಲು ಹಾಕಿದವರಿಗೆ 2023ರ ಲೆಕ್ಕವೇ ನಡೆಯುತ್ತದೆ, ಹಾಗಾಗಿ ಮಗಳು ಉಳಿದುಕೊಂಡಳು.

2025ರ ಉಳಿದ ಬದಲಾವಣೆಗಳಲ್ಲಿ ನಮಗೆ ತಟ್ಟಿದ್ದು ಪ್ರಯಾಣ. ಸೆಪ್ಟೆಂಬರ್ 2ರಿಂದ ಡ್ರಾಪ್‌ಬಾಕ್ಸ್, ಅಂದರೆ ಸಂದರ್ಶನವಿಲ್ಲದೆ ವೀಸಾ ಕೊಡುವ ಸೌಲಭ್ಯ, ಬಹುಪಾಲು ನಿಂತಿತು. ಎಚ್-1ಬಿ ಸ್ಟಾಂಪಿಂಗ್‌ಗೆ ಚೆನ್ನೈಗೋ ಹೈದರಾಬಾದಿಗೋ ಹೋಗಿ ಸಂದರ್ಶನಕ್ಕೆ ಕಾಯಬೇಕು. ಡಿಸೆಂಬರಿನಲ್ಲಿ ಎಷ್ಟೋ ಜನರ ಸಂದರ್ಶನ ಮುಂದಿನ ವರ್ಷಕ್ಕೆ ಹೋಗಿ ಅವರು ಊರಲ್ಲೇ ಸಿಕ್ಕಿಕೊಂಡರು. ನಮ್ಮಲ್ಲಿ ತೀರಾ ಅಗತ್ಯವಿದ್ದರೆ ಮಾತ್ರ ಹೋಗುವುದು, ಹೋದರೆ ಅಡ್ವಾನ್ಸ್ ಪೆರೋಲ್ (ಐ-485 ಬಾಕಿ ಇರುವವರಿಗೆ ಹೋಗಿಬರಲು ಕೊಡುವ ಅನುಮತಿ) ಮೇಲೆ ಅಂತ ತೀರ್ಮಾನ. ಮಗಳಿಗಂತೂ ಬೇರೆ ದಾರಿಯೇ ಇಲ್ಲ, ಅದಿಲ್ಲದೆ ಹೊರಟರೆ ಅವಳ ಐ-485 ಕೈಬಿಟ್ಟ ಹಾಗೆ. ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕದ ಸುದ್ದಿ ಬಂದಾಗ ಊರಿನಿಂದ ಫೋನಿನ ಮೇಲೆ ಫೋನು. ಅದು ಹೊಸ ಅರ್ಜಿಗಳಿಗೆ, ನಮ್ಮಂಥ ವಿಸ್ತರಣೆಗಳಿಗೆ ಅಲ್ಲ ಅಂತ ಹೇಳಿ ಹೇಳಿ ಸಾಕಾಯಿತು.

2025ರ ಅಕ್ಟೋಬರ್ ಬುಲೆಟಿನ್‌ನಲ್ಲಿ ಇಬಿ-2 ಇದ್ದದ್ದು 2013ರ ಏಪ್ರಿಲ್ 1ರಲ್ಲಿ. ನಾವು ಇನ್ನೂ ಸಾಲಿನಲ್ಲಿದ್ದೇವೆ. ಐ-485ಗಾಗಿ ಮಾಡಿಸಿದ್ದ 2020ರ ವೈದ್ಯಕೀಯ ತಪಾಸಣೆಯ ಅವಧಿ ಯಾವಾಗಲೋ ಮುಗಿದಿದೆ. ಕೇಳುವವರೆಗೆ ಮತ್ತೆ ಮಾಡಿಸುವುದಿಲ್ಲ, ಲಸಿಕೆಗಳ ಪಟ್ಟಿ ಮಾತ್ರ ಸರಿಯಾಗಿಟ್ಟಿದ್ದೇನೆ.

ಇನ್ನೊಂದು ಶರತ್ತು ಬಹಳ ಜನರಿಗೆ ಗೊತ್ತಿಲ್ಲ. ಸಿಎಸ್‌ಪಿಎ ವಯಸ್ಸನ್ನು ನಿಲ್ಲಿಸುತ್ತದೆ, ಆದರೆ ಕಾರ್ಡ್ ಕೈಗೆ ಬರುವವರೆಗೆ ಆ ಮಗು ಮದುವೆ ಆಗುವ ಹಾಗಿಲ್ಲ. ಮದುವೆ ಆಗಿಬಿಟ್ಟರೆ ಅಪ್ಪನ ಅರ್ಜಿಯಿಂದ ಹೊರಗೆ. ಮಗಳಿಗೀಗ 24. ಊರಿನಿಂದ ಜಾತಕ ಕಳಿಸುವವರಿಗೆಲ್ಲ ನಾನು ಬುಲೆಟಿನ್ ವಿವರಿಸಬೇಕಾಗಿದೆ. ಮಗಳಿಗೆ ಇದೊಂದು ಒಳ್ಳೆ ನೆಪ ಸಿಕ್ಕಿದೆ ಅನ್ನೋದು ಬೇರೆ ಮಾತು.